ಕಾಲೇಜಿನ ಹೆಸರಿಗೆ ರಾಜಕೀಯ ಅಂಟಿಕೊಂಡಿದ್ದರೆ ಕೆಲಸ ಹುಡುಕುವುದು ಹೇಗೆ

2009ರ ಜುಲೈ. ದಾವಣಗೆರೆಯಿಂದ ರಾತ್ರಿ ಬಸ್ಸಲ್ಲಿ ಬಂದು, ಮೆಜೆಸ್ಟಿಕ್ಕಿನಲ್ಲೇ ಮುಖ ತೊಳೆದು, ಬ್ಯಾಗಲ್ಲಿ ಮಡಚಿ ತಂದಿದ್ದ ಚೂಡಿದಾರ ಹಾಕಿಕೊಂಡು ಒಂದು ಕಂಪನಿಯ ಮೂರನೇ ಮಹಡಿಯಲ್ಲಿ ಕೂತಿದ್ದೆ. ಟೇಬಲ್ಲಿನ ಆ ಕಡೆ ಮೂರು ಜನ. ನಡುವೆ ಕೂತವರು ನನ್ನ ಬಯೋಡೇಟಾ ನೋಡಿ, "ಓ, ದಾವಣಗೆರೆ! ಬೆಣ್ಣೆ ದೋಸೆ" ಅಂದರು. ಅವರದು ಹರಿಹರ ಅಂತೆ. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಅವರ ಕಣ್ಣು ಕಾಲೇಜಿನ ಹೆಸರಿನ ಮೇಲೆ ಬಿತ್ತು. "ನಿಮ್ಮ ಕಾಲೇಜಲ್ಲಿ ಪಾಠಕ್ಕಿಂತ ಸ್ಟ್ರೈಕೇ ಜಾಸ್ತಿ ಅಲ್ವಾ? ನೀವೂ ಇದ್ರಾ ಅದರಲ್ಲಿ?"

"ಇಲ್ಲ ಸರ್, ಅಂಥದ್ದಕ್ಕೆಲ್ಲ ನಾನು ಹೋಗ್ತಿರಲಿಲ್ಲ."

ಸುಳ್ಳು ಹೇಳಿದ್ದೆ. ಎರಡನೇ ವರ್ಷದಲ್ಲಿ ನಮ್ಮ ಹಾಸ್ಟೆಲ್ಲಿಗೆ 11 ದಿನ ನೀರು ಬಂದಿರಲಿಲ್ಲ. ರೂಮು ರೂಮಿಗೆ ಹೋಗಿ ಸಹಿ ಹಾಕಿಸಿದವಳು ನಾನು. ಕೊಡ ಹಿಡಿದು ಗೇಟಿನ ಮುಂದೆ ಕೂತವರಲ್ಲೂ ನಾನೇ ಮೊದಲ ಸಾಲು. ಆ ಸರ್ ಮುಂದಿನ ಪ್ರಶ್ನೆ ಕೇಳಿದರು: "ಹಾಗಾದ್ರೆ ಮೂರು ವರ್ಷದಲ್ಲಿ ಓದು ಬಿಟ್ಟು ಇನ್ನೇನು ಮಾಡಿದ್ರಿ?" ನನ್ನ ಬಾಯಿಂದ ಮಾತೇ ಬರಲಿಲ್ಲ. ಹೇಳಿಕೊಳ್ಳುವಂಥ ಒಂದೇ ಒಂದು ಕೆಲಸ ಮಾಡಿದ್ದೆ. ಅದನ್ನು ಒಂದು ನಿಮಿಷದ ಹಿಂದೆ ನಾನೇ ಇಲ್ಲ ಅಂದುಬಿಟ್ಟಿದ್ದೆ.

ಆ ಕೆಲಸ ಸಿಗಲಿಲ್ಲ. ಆರು ತಿಂಗಳ ಮೇಲೆ ಬೇರೆ ಕಡೆ ಎಚ್‌ಆರ್ ವಿಭಾಗದಲ್ಲಿ ಸೇರಿಕೊಂಡೆ. ಬೆಂಗಳೂರಿನಲ್ಲಿ 12 ವರ್ಷ ಇದೇ ಕೆಲಸ. ಈಗ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತೇನೆ. ಭಾನುವಾರ ಬೆಳಗ್ಗೆ ಕೊನೆಯ ವರ್ಷದ ಮಕ್ಕಳು ಬಯೋಡೇಟಾ ಹಿಡಿದು ಬರುತ್ತಾರೆ. ಹರಿಹರ, ಜಗಳೂರು, ಹೊನ್ನಾಳಿ, ಕೆಲವರು ಚಿತ್ರದುರ್ಗದಿಂದಲೂ. "ಅಕ್ಕಾ, ನಮ್ಮ ಕಾಲೇಜಿನ ಹೆಸರು ಕೆಟ್ಟಿದೆ, ಕೆಲಸ ಸಿಗುತ್ತಾ?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಅವರಿಗೆ ಎದುರು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಆ ಹೆಸರು ಎಷ್ಟು ದೂರ ಹೋಗಿದೆ ನೋಡಿ

ಕಾಲೇಜಿಗೆ ರಾಜಕೀಯ ಅಂಟುವುದು ಎರಡು ಕಡೆಯಿಂದ. ನಡೆಸುವವರಿಂದ, ಇಲ್ಲವೇ ಓದುವವರಿಂದ.

ನಮ್ಮ ಕಡೆ ಮೊದಲನೆಯದೇ ಜಾಸ್ತಿ. ಕಾಲೇಜು ಅಂದರೆ ಒಂದು ಮಠದ್ದು, ಒಂದು ಸಮಾಜದ್ದು ಅಥವಾ ಒಂದು ಮನೆತನದ್ದು. ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಅಂದರೆ ಜನ ಶಾಮನೂರು ಅನ್ನುತ್ತಾರೆ. ಜಿಎಂ ಅಂದರೆ ಸಿದ್ದೇಶ್ವರ ಅನ್ನುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಎದುರುಬದುರು ನಿಂತಿದ್ದೂ ಈ ಎರಡು ಮನೆಯವರೇ. ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ಗೆದ್ದವರು ಪ್ರಭಾ. ಹೀಗಿರುವಾಗ ಅಲ್ಲಿ ಓದಿದವನು ಆ ಪಕ್ಷ, ಇಲ್ಲಿ ಓದಿದವಳು ಈ ಪಕ್ಷ ಅಂತ ಜನ ಸುಮ್ನೆ ಲೆಕ್ಕ ಹಾಕಿಬಿಡುತ್ತಾರೆ. ಸಿಇಟಿ ರ‍್ಯಾಂಕ್ ಬಂತು, ಕೌನ್ಸೆಲಿಂಗಲ್ಲಿ ಸೀಟು ಸಿಕ್ಕಿತು, ಸೇರಿಕೊಂಡರು. ಅಲ್ಲಿ ಓದುವ ಎಷ್ಟೋ ಮಕ್ಕಳ ಕಥೆ ಇಷ್ಟೇ.

ಎರಡನೆಯದು ವಿದ್ಯಾರ್ಥಿ ಸಂಘಟನೆಗಳಿಂದ. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಒ, ಇವುಗಳಲ್ಲಿ ಯಾವುದು ಒಂದು ಕಾಲೇಜಿನಲ್ಲಿ ಜೋರಾಗಿದೆಯೋ ಆ ಬಣ್ಣ ಇಡೀ ಕಾಲೇಜಿಗೆ ಬರುತ್ತದೆ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಚುನಾವಣೆ ನಿಂತು ದಶಕಗಳೇ ಆದವು. ಸಂಘಟನೆ, ಧರಣಿ, ಮನವಿ ಪತ್ರ ನಿಂತಿಲ್ಲ. 2024ರಲ್ಲಿ ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಧ ಸೀಟುಗಳನ್ನು ಪೇಮೆಂಟ್ ಸೀಟು ಮಾಡಿದ್ದರ ವಿರುದ್ಧ ಮಕ್ಕಳು ಬೀದಿಗೆ ಬಂದರು. ಅದು 1951ರಲ್ಲಿ ಶುರುವಾದ ಕಾಲೇಜು, ಬಡವರ ಮಕ್ಕಳು ಕಡಿಮೆ ಫೀಸಿನಲ್ಲಿ ಇಂಜಿನಿಯರ್ ಆದ ಜಾಗ. ಆ ಮಕ್ಕಳು ಕೇಳಿದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೂ ಅಂಥ ಸುದ್ದಿ ಬಂದಾಗ "ಗಲಾಟೆ ಕಾಲೇಜು" ಅನ್ನುವವರು ಅನ್ನುತ್ತಲೇ ಇರುತ್ತಾರೆ.

ಈಗ ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ನನ್ನ ಕಾಲೇಜಿಗೆ ಈ ಹೆಸರು ಇದೆ ಅಂತ ಯಾರಿಗೆ ಗೊತ್ತು? ಮನೆಯವರಿಗೆ, ಬೀದಿಯವರಿಗೆ, ಜಿಲ್ಲೆಯವರಿಗೆ, ರಾಜ್ಯದವರಿಗೆ? ಈ ಕೆಲಸ ಮಾಡಿಸಿದಾಗೆಲ್ಲ ಮಕ್ಕಳ ಮುಖದಲ್ಲಿ ಅರ್ಧ ಭಯ ಇಳಿದದ್ದು ನೋಡಿದ್ದೇನೆ. ಯಾಕಂದರೆ ಹೆಚ್ಚಿನ ಕಾಲೇಜುಗಳ ಈ ಹೆಸರು ತುಮಕೂರು ದಾಟುವುದಿಲ್ಲ. ನನ್ನನ್ನು ಆ ಪ್ರಶ್ನೆ ಕೇಳಿದವರು ಹರಿಹರದವರು. ಪಕ್ಕದಲ್ಲಿ ಕೂತ ಇಬ್ಬರಿಗೆ ಆ ಕಾಲೇಜು ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಎಲ್ಲಿ ತೂಕ, ಎಲ್ಲಿ ಹಗುರ

ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಒಂದು ಹುದ್ದೆಗೆ ನೂರಾರು ಬಯೋಡೇಟಾ ಬರುತ್ತವೆ. ನಾನೇ ಕೂತು ಜರಡಿ ಹಿಡಿದಿದ್ದೇನೆ. ಎಕ್ಸೆಲ್ ಹಾಳೆಯಲ್ಲಿ ನಾವು ನೋಡುತ್ತಿದ್ದ ಕಾಲಮ್ಮುಗಳು: ಹತ್ತನೇ ತರಗತಿ, ಪಿಯು, ಡಿಗ್ರಿಯ ಅಂಕ, ಬ್ಯಾಕ್‌ಲಾಗ್, ಬರುವ ಕೌಶಲ, ಯಾವಾಗ ಸೇರಬಹುದು. ಶೇ. 60 ಇದೆಯಾ ಇಲ್ಲವಾ ಅನ್ನುವುದರ ಮುಂದೆ ಕಾಲೇಜಿನ ಆಡಳಿತ ಮಂಡಳಿ ಯಾವ ಪಕ್ಷ ಅನ್ನುವುದು ಯಾರ ತಲೆಗೂ ಬರುವುದಿಲ್ಲ. ಆನ್‌ಲೈನ್ ಟೆಸ್ಟಿನ ಮೂಲಕ ತೆಗೆದುಕೊಳ್ಳುವ ಐಟಿ ಕಂಪನಿಗಳಲ್ಲಂತೂ ಇನ್ನೂ ಹಗುರ. ಅಲ್ಲಿ ಕಾಲೇಜಿನ ಹೆಸರಿನಿಂದ ಆಗುವ ನಷ್ಟ ಬೇರೆ ಥರದ್ದು. ಕ್ಯಾಂಪಸ್ಸಿಗೆ ಕಂಪನಿಗಳು ಬರುವ ವಾರದಲ್ಲಿ ಕಾಲೇಜು ಮುಚ್ಚಿದ್ದರೆ, ಪರೀಕ್ಷೆ ಮುಂದೆ ಹೋಗಿ ಅಂಕಪಟ್ಟಿ ತಡವಾದರೆ, ಸೇರಬೇಕಾದ ದಿನಾಂಕ ತಪ್ಪಿಹೋಗುತ್ತದೆ. ಅಂಥ ಕಾಲೇಜಿನಲ್ಲಿದ್ದೀರಿ ಅಂದರೆ ಕ್ಯಾಂಪಸ್ಸನ್ನು ನಂಬಿ ಕೂರಬೇಡಿ. ಮೂರನೇ ವರ್ಷದಿಂದಲೇ ಹೊರಗಿನ ಟೆಸ್ಟುಗಳಿಗೆ ಅರ್ಜಿ ಹಾಕಿ.

ಬರೀ ಪರೀಕ್ಷೆಯಿಂದ ತೆಗೆದುಕೊಳ್ಳುವ ಸರ್ಕಾರಿ ಹುದ್ದೆಗಳಲ್ಲೂ ಕಾಲೇಜಿಗೆ ತೂಕ ಇಲ್ಲ. ಓಎಂಆರ್ ಹಾಳೆಗೆ ನಿಮ್ಮ ಕಾಲೇಜು ಗೊತ್ತಿಲ್ಲ. ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ನಡೆಸುವ ಪಿಒ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ಯುಪಿಎಸ್‌ಸಿಯಲ್ಲಿ ಒಟ್ಟು 2025 ಅಂಕದಲ್ಲಿ ಸಂದರ್ಶನಕ್ಕೆ 275. ಅಲ್ಲಿ ನೀವೇ ತುಂಬಿದ ಅರ್ಜಿಯಲ್ಲಿ ಕಾಲೇಜು, ಹವ್ಯಾಸ, ಊರು ಎಲ್ಲ ಇರುತ್ತದೆ, ಅದರಿಂದಲೇ ಪ್ರಶ್ನೆ ಹುಟ್ಟುತ್ತದೆ. ಅಲ್ಲಿಗೆ ಹೋಗುವವರು ನಿಮ್ಮ ಕಾಲೇಜಿನ ಧರಣಿ ಬಗ್ಗೆ ಎರಡೂ ಕಡೆಯ ವಾದ ಓದಿಕೊಂಡೇ ಹೋಗಿ.

ತೂಕ ಇರುವುದು ಊರೊಳಗೆ. ಖಾಸಗಿ ಶಾಲೆಯ ಟೀಚರ್ ಕೆಲಸ, ಕಾಲೇಜಿನ ಲೆಕ್ಚರರ್ ಕೆಲಸ, ಸಹಕಾರಿ ಬ್ಯಾಂಕು, ಸೊಸೈಟಿ, ನರ್ಸಿಂಗ್ ಹೋಮು, ಸ್ಥಳೀಯ ಪತ್ರಿಕೆ. ಇಲ್ಲಿ ತೆಗೆದುಕೊಳ್ಳುವವರು ಆಡಳಿತ ಮಂಡಳಿಯವರು. ಅವರಿಗೆ ನಿಮ್ಮ ಕಾಲೇಜು ಗೊತ್ತು, ನಿಮ್ಮ ಮೇಷ್ಟ್ರು ಗೊತ್ತು, ನಿಮ್ಮ ತಂದೆಯ ಅಂಗಡಿಯೂ ಗೊತ್ತು. ಒಂದು ಫೋನ್ ಹಚ್ಚಿದರೆ ಸಾಕು, ನೀವು ಯಾವ ಜಾಥಾದಲ್ಲಿ ಬಾವುಟ ಹಿಡಿದಿದ್ರಿ ಅಂತ ತಿಳಿದುಬಿಡುತ್ತದೆ. ಹಾಗಾಗಿ ಊರಲ್ಲೇ ಕೆಲಸ ಬೇಕು ಅನ್ನುವವರು ಈ ವಿಷಯದಲ್ಲಿ ಜಾಸ್ತಿ ತಯಾರಿ ಮಾಡಬೇಕು, ದೂರ ಹೋಗುವವರು ಕಡಿಮೆ.

ಇನ್ನೊಂದು ಮಾತು. ಅದೇ ಹೆಸರು ಕೆಲವು ಬಾಗಿಲು ತೆರೆಯುತ್ತದೆ ಕೂಡ. "ನಮ್ಮ ಹುಡುಗ" ಅಂತ ಕರೆದು ಕೆಲಸ ಕೊಡುವವರಿದ್ದಾರೆ. ಬೇಡ ಅನ್ನುವುದಿಲ್ಲ, ಹೊಟ್ಟೆಪಾಡು ದೊಡ್ಡದು. ಆದರೆ ಸೇರುವ ಮುಂಚೆ ನೇಮಕಾತಿ ಪತ್ರ, ಸಂಬಳ, ಪಿಎಫ್ ಇವನ್ನು ಬೇರೆ ಯಾವ ಕಡೆ ಕೇಳುತ್ತಿದ್ದಿರೋ ಅಷ್ಟೇ ಗಟ್ಟಿಯಾಗಿ ಕೇಳಿ. ನಮ್ಮವರು ಅಂತ ಬರವಣಿಗೆ ಇಲ್ಲದೆ ಸೇರಿ, ಚುನಾವಣೆ ಬಂದಾಗ ತಿಂಗಳುಗಟ್ಟಲೆ ಪ್ರಚಾರಕ್ಕೆ ಓಡಾಡಿ, ಸಂಬಳ ಕೇಳಲು ಬಾಯಿ ಬರದೆ ಕೂತ ಹುಡುಗರನ್ನು ನಾನು ಕಂಡಿದ್ದೇನೆ.

ದೇಶದ ತುಂಬ ಹೆಸರಾದ ಕಾಲೇಜುಗಳ ಮಾತು

ಕೆಲವು ವಿಶ್ವವಿದ್ಯಾಲಯಗಳ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. 2016ರ ಫೆಬ್ರವರಿಯಲ್ಲಿ ದೇಶದ್ರೋಹದ ಕೇಸಿನಲ್ಲಿ ವಿದ್ಯಾರ್ಥಿ ನಾಯಕರ ಬಂಧನ ಆದ ಮೇಲೆ ದಿಲ್ಲಿಯ ಜೆಎನ್‌ಯು ಅಂದರೆ ನಮ್ಮ ಹಳ್ಳಿಯ ಕಟ್ಟೆಯಲ್ಲೂ ಒಂದು ಅಭಿಪ್ರಾಯ ಇದೆ. ಚನ್ನಗಿರಿ ಕಡೆಯ ಒಬ್ಬ ಹುಡುಗಿಗೆ ಅಲ್ಲಿ ಎಂಎ ಸೀಟು ಸಿಕ್ಕಾಗ ಅವರಪ್ಪ ನನ್ನ ಹತ್ತಿರ ಬಂದಿದ್ದರು. "ಮೇಡಮ್ಮೋರೇ, ಅಲ್ಲಿಗೆ ಕಳ್ಸಿದ್ರೆ ನಾಳೆ ಇವಳಿಗೆ ಕೆಲಸ ಯಾರು ಕೊಡ್ತಾರೆ?" ಅಂದರು. ನಾನು ಅವರಿಗೆ ಮೂರು ಹೆಸರು ಹೇಳಿದೆ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ವಿದೇಶಾಂಗ ಸಚಿವ ಜೈಶಂಕರ್, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ. ಮೂವರೂ ಅಲ್ಲೇ ಓದಿದವರು. ಬ್ಯಾನರ್ಜಿ ಅವರು 1983ರಲ್ಲಿ ವಿದ್ಯಾರ್ಥಿ ಪ್ರತಿಭಟನೆಯ ಹೊತ್ತಲ್ಲಿ ತಿಹಾರ್ ಜೈಲಿನಲ್ಲಿ 10 ದಿನ ಇದ್ದು ಬಂದವರು, ಅದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅವರೆಲ್ಲ ದೊಡ್ಡೋರು ಬಿಡ್ರಿ" ಅಂದರು. ಅದೂ ನಿಜ. ದೊಡ್ಡವರ ಉದಾಹರಣೆಯಿಂದ ಎಲ್ಲರಿಗೂ ದಾರಿ ಸಲೀಸು ಅಂತ ಆಗುವುದಿಲ್ಲ.

ಹೆಸರು ನೋಡಿ ಬಾಗಿಲು ಹಾಕಿದ್ದೂ ನಡೆದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2024ರ ವಸಂತದಲ್ಲಿ ಗಾಜಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಡೇರೆ ಹಾಕಿ ಕೂತರು. ಆ ಮೇ ತಿಂಗಳಲ್ಲಿ 13 ಫೆಡರಲ್ ನ್ಯಾಯಾಧೀಶರು ಒಂದು ಪತ್ರ ಬರೆದು, 2024ರಿಂದ ಆ ವಿಶ್ವವಿದ್ಯಾಲಯ ಸೇರುವವರನ್ನು ತಮ್ಮ ಬಳಿ ಲಾ ಕ್ಲರ್ಕ್ (ನ್ಯಾಯಾಧೀಶರ ಕಾನೂನು ಸಹಾಯಕ) ಆಗಿ ತೆಗೆದುಕೊಳ್ಳುವುದಿಲ್ಲ ಅಂದರು. ಅಂದರೆ ಡೇರೆಯ ಹತ್ತಿರವೂ ಸುಳಿಯದ ಮಕ್ಕಳಿಗೂ ಸೇರಿಸಿ. ಅದಕ್ಕೂ ಮೊದಲು, 2023ರ ಅಕ್ಟೋಬರಿನಲ್ಲಿ, ಡೇವಿಸ್ ಪೋಕ್ ಅನ್ನುವ ವಕೀಲರ ಸಂಸ್ಥೆ ಹಾರ್ವರ್ಡ್ ಮತ್ತು ಕೊಲಂಬಿಯಾದ ಮೂವರು ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಕೆಲಸದ ಆಫರನ್ನು ವಾಪಸ್ ಪಡೆಯಿತು. ಇಸ್ರೇಲ್ ಕುರಿತ ಹೇಳಿಕೆಗಳಿಗೆ ಅವರ ಸಂಘಟನೆಗಳ ಹೆಸರು ಇತ್ತು ಅನ್ನುವುದು ಕಾರಣ. ಇಲ್ಲಿ ಗಮನಿಸಬೇಕಾದ್ದು ಇದು: ಸಂಘಟನೆಯ ಹೆಸರಲ್ಲಿ ಒಂದು ಹೇಳಿಕೆ ಹೊರಟರೆ, ಪದಾಧಿಕಾರಿಯಾದ ನೀವು ಅದನ್ನು ಓದಿದ್ದಿರೋ ಇಲ್ಲವೋ ಯಾರೂ ಕೇಳುವುದಿಲ್ಲ. ಆದ್ದರಿಂದ ನಿಮ್ಮ ಹೆಸರು, ಫೋನ್ ನಂಬರ್ ಹಾಕಿದ ಕರಪತ್ರ ಪ್ರೆಸ್ಸಿಗೆ ಹೋಗುವ ಮುಂಚೆ ಒಂದು ಸಲ ಪೂರ್ತಿ ಓದಿ. ಒಪ್ಪಿಗೆ ಇಲ್ಲದ ಸಾಲು ಇದ್ದರೆ ಅವತ್ತೇ ಹೇಳಿ.

ಆ ಪ್ರಶ್ನೆಗೆ ಉತ್ತರ

ಸಂದರ್ಶನದಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ ಅಂತ ಇಟ್ಟುಕೊಂಡು ತಯಾರಾಗಿ. ಉತ್ತರ ಅರ್ಧ ನಿಮಿಷ ದಾಟಬಾರದು. ಮೊದಲ ಮಾತಲ್ಲೇ ಇದ್ದದ್ದನ್ನು ಒಪ್ಪಿಕೊಳ್ಳಿ. ಎರಡನೇ ಮಾತಲ್ಲಿ ನೀವು ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ಮೂರನೇ ಮಾತಲ್ಲಿ ಅಲ್ಲಿಂದ ಈ ಕೆಲಸಕ್ಕೆ ಬನ್ನಿ. ಕಾಲೇಜನ್ನು ಬೈಯಬೇಡಿ, ಮೇಷ್ಟ್ರನ್ನು ಬೈಯಬೇಡಿ, ಇನ್ನೊಂದು ಸಂಘಟನೆಯನ್ನಂತೂ ಬೈಯಲೇಬೇಡಿ. ಎದುರಿಗೆ ಕೂತವರು ಆ ಸಂಘಟನೆಯಲ್ಲೇ ಇದ್ದು ಬಂದವರಿರಬಹುದು.

2009ರಲ್ಲಿ ನಾನು ಹೇಳಬೇಕಿದ್ದ ಉತ್ತರ ಇದು, ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ: "ಹೌದು ಸರ್, ನಮ್ಮಲ್ಲಿ ಧರಣಿ ಆಗ್ತಿದ್ವು. ನಾನೂ ಒಂದರಲ್ಲಿ ಇದ್ದೆ. ಹಾಸ್ಟೆಲ್ಲಿಗೆ 11 ದಿನ ನೀರಿರಲಿಲ್ಲ. 140 ಜನರ ಸಹಿ ಹಾಕಿಸಿ ಪ್ರಿನ್ಸಿಪಾಲರಿಗೂ ಕಾರ್ಪೊರೇಶನ್ನಿಗೂ ಮನವಿ ಕೊಟ್ವಿ, ಮೋಟರ್ ರಿಪೇರಿ ಆಗೋವರೆಗೂ ದಿನಾ ಹೋಗಿ ಕೇಳಿದ್ವಿ. ಜನರ ಹತ್ತಿರ ಮಾತಾಡೋದು, ಬೆನ್ನು ಬಿದ್ದು ಕೆಲಸ ಮುಗಿಸೋದು ಅಲ್ಲಿ ಕಲಿತದ್ದು." ಜನರನ್ನು ಸಂಭಾಳಿಸುವ ಹುದ್ದೆಗೇ ನಾನು ಅವತ್ತು ಹೋಗಿದ್ದೆ.

ನೀವು ಯಾವುದರಲ್ಲೂ ಇರಲಿಲ್ಲ ಅಂದರೆ ಅದನ್ನೂ ನೇರವಾಗಿ ಹೇಳಿ. "ನಾನು ಸಂಘಟನೆಯಲ್ಲಿ ಇರಲಿಲ್ಲ ಸರ್. ಕ್ಲಾಸು ನಡೆಯದ ದಿನ ಲೈಬ್ರರಿಯಲ್ಲಿ ಓದ್ತಿದ್ದೆ" ಅನ್ನುವುದು ಒಳ್ಳೆಯ ಉತ್ತರ, ನಿಜವಾಗಿದ್ದರೆ. ಮುಂದಿನ ಪ್ರಶ್ನೆ "ಏನು ಓದಿದ್ರಿ?" ಅಂತಲೇ ಬರುತ್ತದೆ.

ಮನಸ್ಸಿಗೆ ನೋವಾಗುವ ಪ್ರಶ್ನೆಗಳೂ ಬರುತ್ತವೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿಷಯಕ್ಕೆ ರಾಜ್ಯದಲ್ಲಿ ಗಲಾಟೆ ಆದಾಗ ದಾವಣಗೆರೆ, ಹರಿಹರದಲ್ಲೂ ನಿಷೇಧಾಜ್ಞೆ ಹಾಕಿದ್ದರು. ಆಮೇಲೆ ಒಂದು ವರ್ಷ ಬಿಟ್ಟು ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಬಿಕಾಂ, ಅಂಕ ಶೇ. 84. ಒಂದು ಆಫೀಸಿನ ಲೆಕ್ಕದ ಕೆಲಸಕ್ಕೆ ಹೋದಾಗ ಮೊದಲ ಪ್ರಶ್ನೆಯೇ "ಆ ಗಲಾಟೇಲಿ ನೀನಿದ್ಯಾ?" ಅಂತೆ. ಅವಳು ಅಲ್ಲೇ ಅತ್ತಿದ್ದಳು. ಅವಳಿಗೂ ಆ ಗಲಾಟೆಗೂ ಸಂಬಂಧ ಇರಲಿಲ್ಲ. ನಾವಿಬ್ಬರೂ ಕೂತು ಒಂದೇ ಸಾಲಿನ ಉತ್ತರ ಮಾಡಿಕೊಂಡೆವು: "ಇರಲಿಲ್ಲ ಸರ್. ಆಗ ನಾನು ಮನೇಲಿ ಕೂತು ಟ್ಯಾಲಿ ಕಲಿತೆ, ಜಿಎಸ್‌ಟಿ ರಿಟರ್ನ್ ಹಾಕೋದು ಬರುತ್ತೆ, ಈಗಲೇ ತೋರಿಸ್ಲಾ?" ಇಪ್ಪತ್ತು ಸಲ ಹೇಳಿಸಿದೆ, ಗಂಟಲು ನಡುಗದೆ ಬರುವವರೆಗೆ. ಮೂರನೇ ಸಂದರ್ಶನದಲ್ಲಿ ಅವಳಿಗೆ ಕೆಲಸ ಆಯಿತು. ಅಂಥ ಪ್ರಶ್ನೆ ಕೇಳಿದವರದು ತಪ್ಪು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅವತ್ತು ಕುರ್ಚಿಯಲ್ಲಿ ಕೂತ ಹುಡುಗಿಗೆ ಬೇಕಾದ್ದು ಕೈಗೆ ಸಿಗುವ ಒಂದು ಉತ್ತರ.

ಬಯೋಡೇಟಾ, ಫೋನು

ಬಯೋಡೇಟಾದಲ್ಲಿ ಸಂಘಟನೆಯ ಹೆಸರು ಹಾಕಬೇಕಾ ಅಂತ ಕೇಳುತ್ತಾರೆ. ಎನ್‌ಜಿಒ, ಪತ್ರಿಕೆ, ವಕೀಲಿಕೆ, ಸಂಶೋಧನೆ ಇಂಥ ಕಡೆ ಹಾಕಬಹುದು, ಅಲ್ಲಿ ಅದು ಅನುಭವವೇ. ಬೇರೆ ಕಡೆ ಕೆಲಸವನ್ನು ಬರೆಯಿರಿ, ಬಾವುಟ ಬೇಡ. "ತಾಲ್ಲೂಕು ಸಂಚಾಲಕ" ಅಂತ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. "ಬಸ್ ಪಾಸ್ ಸಮಸ್ಯೆ: 6 ಹಳ್ಳಿಯ ವಿದ್ಯಾರ್ಥಿಗಳ ಪಟ್ಟಿ ಮಾಡಿ ಡಿಪೋ ಮ್ಯಾನೇಜರ್ ಜೊತೆ ಮಾತುಕತೆ, ಬೆಳಗಿನ ಬಸ್ಸಿನ ಸಮಯ ಬದಲಾವಣೆ" ಅಂತ ಬರೆದರೆ ತಕ್ಷಣ ತಿಳಿಯುತ್ತದೆ. ಕೇಳಿದಾಗ ಮಾತ್ರ ಸಂಘಟನೆಯ ಹೆಸರನ್ನು ಮುಚ್ಚದೆ ಹೇಳಿ.

ಫೋನು ಬೇರೆಯದೇ ತಲೆನೋವು. ನಾವು ಎಚ್‌ಆರ್‌ನವರು ಹೆಸರು ಹಾಕಿ ಹುಡುಕುತ್ತೇವೆ. ಸರ್ಕಾರವನ್ನು ಟೀಕಿಸಿದ ಪೋಸ್ಟ್ ನೋಡಿ ನಾನು ಯಾರನ್ನೂ ಬಿಟ್ಟಿಲ್ಲ. ಒಂದು ಜಾತಿಗೆ, ಒಂದು ಧರ್ಮಕ್ಕೆ, ಹೆಣ್ಣುಮಕ್ಕಳಿಗೆ ಬೈದದ್ದು ನೋಡಿ ಬಿಟ್ಟಿದ್ದೇನೆ. ಅಂಥವರ ಜೊತೆ ನಾಳೆ ತಂಡದಲ್ಲಿ ಯಾರು ಕೂರಬೇಕು? ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಹಳೆಯ ಟ್ವೀಟು, ಯೂಟ್ಯೂಬಿನ ಕಮೆಂಟು, ಇವನ್ನೆಲ್ಲ ಒಂದು ಮಧ್ಯಾಹ್ನ ಕೂತು ನೋಡಿ. ಅಭಿಪ್ರಾಯ ಇರಲಿ, ಬೈಗುಳ ಅಳಿಸಿ. ಪಿಯುಸಿಯಲ್ಲಿದ್ದಾಗ ಸುಮ್ನೆ ಫಾರ್ವರ್ಡ್ ಮಾಡಿದ್ದು ಅಂತ ಆಮೇಲೆ ಹೇಳಿದರೆ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಇನ್ನೂ ಕಾಲೇಜು ಸೇರಿಲ್ಲದವರಿಗೆ ಒಂದು ಮಾತು. ಪಕ್ಷ ನೋಡಿ ಕಾಲೇಜು ಬಿಡಬೇಡಿ, ಪಕ್ಷ ನೋಡಿ ಸೇರಲೂಬೇಡಿ. ಕ್ಯಾಂಟೀನಿನಲ್ಲಿ ಕೂತು ಕೊನೆಯ ವರ್ಷದವರನ್ನು ಕೇಳಿ: ಹೋದ ಸೆಮಿಸ್ಟರಿನಲ್ಲಿ ಕ್ಲಾಸು ಎಷ್ಟು ದಿನ ನಡೆಯಿತು, ರಿಸಲ್ಟ್ ಯಾವಾಗ ಬಂತು, ನಿಮ್ಮ ಸೀನಿಯರ್‌ಗಳು ಈಗ ಎಲ್ಲಿದ್ದಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡನ್ನೂ ನೋಡಿ.

ಕೇಸ್ ಇದ್ದರೆ

ಇದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ. ಕಾಲೇಜಿನ ಹೆಸರಿಂದ ಕೆಲಸ ಹೋದವರಿಗಿಂತ ಫಾರಂನಲ್ಲಿ ತಪ್ಪು ಬರೆದು ಕೆಲಸ ಕಳೆದುಕೊಂಡವರೇ ನಾನು ಕಂಡ ಹಾಗೆ ಜಾಸ್ತಿ.

ಎರಡು ವರ್ಷದ ಹಿಂದೆ ಜಗಳೂರು ಕಡೆಯ ಹುಡುಗನೊಬ್ಬ ಬಂದ. ಕೇಂದ್ರ ಸರ್ಕಾರದ ಒಂದು ಇಲಾಖೆಗೆ ಆಯ್ಕೆಯಾಗಿದ್ದ. ಕೈಯಲ್ಲಿ ಅಟೆಸ್ಟೇಶನ್ ಫಾರಂ, ಅಂದರೆ ಸೇರುವ ಮುಂಚೆ ತನ್ನ ಹಿನ್ನೆಲೆ ತುಂಬಿಕೊಡುವ ಕಾಗದ. ಕಾಲೇಜಿನಲ್ಲಿದ್ದಾಗ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ರಸ್ತೆ ತಡೆ ಮಾಡಿದ್ದರು. 14 ಜನರ ಮೇಲೆ ಕೇಸ್, ಐಪಿಸಿ 143, 341, 283 (ಅಕ್ರಮ ಕೂಟ, ಅಕ್ರಮವಾಗಿ ತಡೆಯುವುದು, ಸಾರ್ವಜನಿಕ ದಾರಿಗೆ ಅಡ್ಡಿ). ಸಾಕ್ಷಿಗಳು ಬರಲಿಲ್ಲ, ಖುಲಾಸೆ ಆಗಿತ್ತು. ಫಾರಂನಲ್ಲಿ ಒಂದು ಪ್ರಶ್ನೆ, ಎದುರಿಗೆ ಹೌದು, ಇಲ್ಲ. ಅವನ ಪೆನ್ನು "ಇಲ್ಲ" ಅನ್ನುವುದರ ಮೇಲೆ ನಿಂತಿತ್ತು. ಬೆವರಿಗೆ ಕಾಗದದ ಮೂಲೆ ಒದ್ದೆಯಾಗಿತ್ತು.

"ಖುಲಾಸೆ ಆಯ್ತಲ್ಲಕ್ಕಾ, ಈಗ ನನ್ನ ಮೇಲೆ ಏನೂ ಇಲ್ಲ. ಇಲ್ಲ ಅಂತ ಬರೀತೀನಿ."

"ಪ್ರಶ್ನೆ ಇನ್ನೊಂದ್ಸಲ ಓದಪ್ಪ" ಅಂದೆ.

ಓದಿದ. ಈಗ ಕೇಸ್ ಇದೆಯಾ ಅಂತ ಅದು ಕೇಳಿರಲಿಲ್ಲ. ಎಂದಾದರೂ ಬಂಧನ ಆಗಿತ್ತೇ, ಎಂದಾದರೂ ಮೊಕದ್ದಮೆ ನಡೆದಿತ್ತೇ, ಎಂದಾದರೂ ದಂಡ ಬಿದ್ದಿತ್ತೇ ಅಂತ ಕೇಳಿತ್ತು. ಪರೀಕ್ಷೆಯಿಂದ ಡಿಬಾರ್ ಆಗಿದ್ದರೆ ಅದನ್ನೂ ಕೇಳಿತ್ತು. ಸುಳ್ಳು ಬರೆದರೆ ಅನರ್ಹ ಅಂತ ಮೇಲ್ಗಡೆಯೇ ಎಚ್ಚರಿಕೆ ಇತ್ತು. ಪೊಲೀಸ್ ವೆರಿಫಿಕೇಶನ್ನಿಗೆ ಊರಿನ ಠಾಣೆಗೇ ಕಾಗದ ಬರುತ್ತದೆ, ಅಲ್ಲಿ ರಿಜಿಸ್ಟರ್ ಇರುತ್ತದೆ. ಈಗಂತೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲೆ, ವರ್ಷ, ಹೆಸರು ಹಾಕಿದರೆ ಕೇಸ್ ಕಾಣುತ್ತದೆ. ಖಾಸಗಿ ಕಂಪನಿಗೆ ಹಿನ್ನೆಲೆ ಪರಿಶೀಲನೆ ಮಾಡಿಕೊಡುವ ಏಜೆನ್ಸಿಗಳೂ ಕೋರ್ಟ್ ದಾಖಲೆಗಳನ್ನು ನೋಡುತ್ತವೆ.

ಕಾನೂನು ಏನು ಹೇಳುತ್ತದೆ ಅಂತ ಅವನಿಗೆ ಎರಡು ತೀರ್ಪು ಹೇಳಿದೆ, ನಿಮಗೂ ಹೇಳುತ್ತೇನೆ. ಮಧ್ಯಪ್ರದೇಶದಲ್ಲಿ ರಾಮಶಂಕರ್ ರಘುವಂಶಿ ಅನ್ನುವ ಶಿಕ್ಷಕರನ್ನು, ಹಿಂದೆ ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಇದ್ದರು ಅನ್ನುವ ಪೊಲೀಸ್ ವರದಿಯ ಮೇಲೆ ಕೆಲಸದಿಂದ ತೆಗೆದಿದ್ದರು. 1983ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಿಂದೆ ಇಟ್ಟುಕೊಂಡಿದ್ದ ರಾಜಕೀಯ ಒಲವಿಗಾಗಿ ಸರ್ಕಾರಿ ಕೆಲಸ ಕಿತ್ತುಕೊಳ್ಳುವಂತಿಲ್ಲ ಅಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ, ಮುಂದೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರು. ಎಡ, ಬಲ ಯಾವ ಸಂಘಟನೆಯಲ್ಲಿದ್ದ ಮಕ್ಕಳಿಗೂ ಈ ತೀರ್ಪು ಆಸರೆ.

ಇನ್ನೊಂದು 2016ರ ಅವತಾರ್ ಸಿಂಗ್ ಪ್ರಕರಣ, ಮೂವರು ನ್ಯಾಯಮೂರ್ತಿಗಳ ಪೀಠ. ಫಾರಂನಲ್ಲಿ ಮುಚ್ಚಿಟ್ಟವರ ವಿಷಯದಲ್ಲಿ ಏನು ಮಾಡಬಹುದು ಅಂತ ಅಲ್ಲಿ ಹೇಳಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಇಲಾಖೆ ಬಯಸಿದರೆ ಕ್ಷಮಿಸಬಹುದು. ಬಯಸಿದರೆ ಅನ್ನುವ ಮಾತು ನೆನಪಿರಲಿ. ನಿಜ ಬರೆದವರನ್ನೂ ತೆಗೆದುಕೊಳ್ಳಲೇಬೇಕು ಅಂತ ಇಲ್ಲ, ಪೂರ್ವಾಪರ ನೋಡುವ ಹಕ್ಕು ಅವರಿಗಿದೆ. ಆದರೆ ನಿಜ ಬರೆದವರಿಗೆ ವಾದ ಮಾಡಲು ನೆಲ ಇರುತ್ತದೆ.

ಇದರ ಜೊತೆಗೆ, ಕೇಸ್ ನಡೆಯುತ್ತಿರುವವರು ಒಂದು ಬಲೆಗೆ ಬೀಳಬೇಡಿ. "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಬಿಡು, ಇವತ್ತೇ ಮುಗಿಯುತ್ತೆ" ಅಂತ ಕೋರ್ಟಿನ ಆವರಣದಲ್ಲಿ ಹೇಳುವವರು ಸಿಗುತ್ತಾರೆ. 283ಕ್ಕೆ ದಂಡ 200 ರೂಪಾಯಿ ಮೀರುತ್ತಿರಲಿಲ್ಲ, ಟೀ ತಿಂಡಿ ಖರ್ಚಿನಷ್ಟು. ಆದರೆ ತಪ್ಪೊಪ್ಪಿ ದಂಡ ಕಟ್ಟಿದರೆ ಅದು ಅಪರಾಧ ಸಾಬೀತಾದ ಲೆಕ್ಕ. ಮುಂದೆ ಪ್ರತಿ ಫಾರಂನಲ್ಲೂ ಅದನ್ನು ಬರೆಯಬೇಕು. ವಕೀಲರನ್ನು ಕೇಳದೆ ಹಾಗೆ ಮಾಡಬೇಡಿ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 2024ರ ಜುಲೈ 1ರ ನಂತರದ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ನುಗಳು ಇರುತ್ತವೆ, 143ರ ಬದಲು 189. ಫಾರಂನಲ್ಲಿ ಎಫ್‌ಐಆರ್‌ನಲ್ಲಿ ಇದ್ದ ಹಾಗೆಯೇ ಬರೆಯಿರಿ.

ಆ ಹುಡುಗ ಮಾರನೇ ದಿನ ಕೋರ್ಟಿಗೆ ಹೋಗಿ ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ. ಅದು ಬಂದ ಮೇಲೆ ಇಬ್ಬರೂ ಕೂತು ಬರೆದೆವು. "ಹೌದು" ಅಂತ ಗುರುತು. ಬೇರೆ ಹಾಳೆಯಲ್ಲಿ ಐದು ಸಾಲು: ಠಾಣೆ, ಅಪರಾಧ ಸಂಖ್ಯೆ, ಸೆಕ್ಷನ್ನು, ಕೋರ್ಟು ಮತ್ತು ಕೇಸ್ ನಂಬರ್, ಖುಲಾಸೆಯ ದಿನಾಂಕ. ಯಾಕೆ ರಸ್ತೆಗೆ ಇಳಿದೆವು ಅಂತ ಒಂದು ಪುಟ ಬರೆದು ತಂದಿದ್ದ, ಅದನ್ನು ತೆಗೆಸಿದೆ. ಅಲ್ಲಿ ಯಾರೂ ಕಾರಣ ಕೇಳಿರಲಿಲ್ಲ.

ಜೊತೆಯವರೆಲ್ಲ ಕೆಲಸಕ್ಕೆ ಸೇರಿದರು, ಇವನ ಆರ್ಡರ್ ಬರಲಿಲ್ಲ. ಎರಡು ತಿಂಗಳು ಅವನ ಮನೆಯಲ್ಲಿ ನನ್ನನ್ನು ಬೈದಿದ್ದಾರೆ, ಗೊತ್ತು. ಆಮೇಲೆ ವಿವರಣೆ ಕೇಳಿ ಪತ್ರ ಬಂತು. ಅದೇ ತೀರ್ಪಿನ ಕಾಪಿ, ಅದೇ ಐದು ಸಾಲು ಮತ್ತೆ ಕಳಿಸಿದ. ಇಪ್ಪತ್ತು ದಿನಕ್ಕೆ ಆರ್ಡರ್ ಬಂತು. ಹೊರಡುವ ಮುಂಚೆ ಮನೆಗೆ ಬಂದಾಗ ಆ ಫಾರಂ ಮತ್ತು ಹಾಳೆಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಅವನ ಫೈಲಿಗೆ, ಇನ್ನೊಂದನ್ನು ಅವನ ತಾಯಿಯ ಕೈಗೆ ಕೊಡಲು ಹೇಳಿದೆ. ಪಾಸ್‌ಪೋರ್ಟಿಗೆ ಹೋಗಲಿ, ಬೇರೆ ಹುದ್ದೆಗೆ ಅರ್ಜಿ ಹಾಕಲಿ, ಆ ಪ್ರಶ್ನೆ ಬಂದ ಕಡೆಯಲ್ಲೆಲ್ಲ ಈ ಐದು ಸಾಲನ್ನೇ ಬರೆಯಬೇಕು, ಒಂದು ಅಂಕಿಯೂ ಬದಲಾಗದ ಹಾಗೆ.